ದುಂಡು ಕಾಗದ

ಸ್ಕೈದ್ರೀತೆಗೆ ಶಾಲೆಯ ಗಣಿತವೆಂದರೆ
ಇವತ್ತಿಗೂ ಅಂಗಿಯೊಳಗೆ ಹೊಕ್ಕ ಕೆಂಜಿಗ.
ಎಕ್ಸ್ ಯಾವ ಕಡೆ, ವೈ ಯಾವ ಕಡೆ ಎಂದು ಕೇಳಿದರೆ
ಏಪ್ರನ್ನಿಗೆ ಕೈ ಒರೆಸಿಕೊಂಡು ಆಚೆ ನೋಡುತ್ತಾಳೆ.
ಆದರೆ ರಾತ್ರಿ ಹತ್ತು ಹೊಡೆದರೆ
ಲಾಟ್ವಿಯಾದ ಈ ಸಣ್ಣೂರಿನ ಹಾಲಿನ ಕಾರ್ಖಾನೆಯಲ್ಲಿ
ಪೆಟ್ಟಿಗೆಯ ಗಾಜು ತೆರೆದು ಹಳೆ ಕಾಗದ ಕಳಚಿ
ಹೊಸದು ಸಿಕ್ಕಿಸುವವಳು ಅವಳೇ, ಇಪ್ಪತ್ತಾರು ವರ್ಷದಿಂದ.

ರೊಟ್ಟಿಯಗಲದ ಕಾಗದ.
ಅಂಚಿನ ಸುತ್ತ ಇಪ್ಪತ್ತನಾಲ್ಕು ಗಂಟೆ,
ನಡುವಿನಿಂದ ಉಂಗುರ ಉಂಗುರವಾಗಿ ಡಿಗ್ರಿ.
ದಿನಕ್ಕೊಂದೇ ಸುತ್ತು, ಗಾಣದೆತ್ತಿಗಿಂತ ನಿಧಾನ.
ಕೆಂಪು ಮಸಿಯ ಮುಳ್ಳು ಕೂತಲ್ಲೇ ಕೂತು
ಹಾಲಿನ ಬಿಸಿಯನ್ನು ಗೀಚುತ್ತದೆ.
ಎಪ್ಪತ್ತೆರಡರ ಉಂಗುರದಿಂದ ಒಳಕ್ಕೆ ಜಾರಿತೋ
ಕವಾಟ ಠಪ್ಪೆನ್ನುತ್ತದೆ, ಹಾಲು ಬಂದ ದಾರಿಗೆ ಸುಂಕವಿಲ್ಲ.

ರೀಗಾದಿಂದ ತಪಾಸಣೆಗೆ ಬಂದ ಹುಡುಗ ರೈವಿಸ್
ಮೂರು ತಿಂಗಳ ಕಾಗದ ಮೇಜಿನ ತುಂಬ ಹರವಿ
ಒಂದೊಂದನ್ನೇ ಲ್ಯಾಪ್‌ಟಾಪಿಗೆ ಇಳಿಸಿದ.
ಸರಾಸರಿ ತೆಗೆದ. ಬಣ್ಣಬಣ್ಣದ ಕಂಬ ನಿಲ್ಲಿಸಿದ.
"ಡಿಸೆಂಬರಿನ ತುಂಬ, ಬೆಳಗಿನ ಜಾವ ನಾಲ್ಕೂಕಾಲಿಗೆ
ಗೆರೆಗೊಂದು ಹಲ್ಲು," ಎಂದ. "ಸೆನ್ಸರ್ ಕೆಟ್ಟಿರಬೇಕು."

ಅವಳಿಗೆ ಕನ್ನಡಕವೂ ಬೇಕಾಗಲಿಲ್ಲ.
"ಅದು ಬ್ರೂನೋ," ಎಂದಳು.
"ಟ್ಯಾಂಕರ್ ತರುತ್ತಾನೆ. ಹನ್ನೆರಡು ಹಳ್ಳಿ ಸುತ್ತಿದ ಹಾಲು,
ಕೈಯಿಟ್ಟರೆ ಬೆರಳು ಮರಗಟ್ಟುವ ಹಾಲು.
ಅದು ಬಂದು ಸೇರುವಾಗ ಬಿಸಿ ಒಂದು ಮೆಟ್ಟಿಲು ಇಳಿದು
ಸುಧಾರಿಸಿಕೊಂಡು ಹತ್ತುತ್ತದೆ.
ಬೇಕಿದ್ದರೆ ಭಾನುವಾರದ್ದು ತೆಗೆ. ಅವತ್ತು ಅವನಿಗೆ ರಜೆ."
ಹುಡುಗ ಭಾನುವಾರಗಳನ್ನು ಹೆಕ್ಕಿ ತೆಗೆದ.
ಒಂದರಲ್ಲೂ ಹಲ್ಲಿಲ್ಲ.

ಆಮೇಲೆ ಅವನು ಕೇಳಲಿಲ್ಲ, ಅವಳೇ ಶುರುಮಾಡಿದಳು,
ಮದುವೆಯ ಆಲ್ಬಮ್ ತೆರೆದವರ ಹಾಗೆ:
ಈ ನಡುಕ ಪಂಪಿನದು,
ಕಾಗದಕ್ಕಿಂತ ಎರಡು ವಾರ ಮೊದಲು ನನ್ನ ಅಂಗಾಲಿಗೆ ಗೊತ್ತಾಗಿತ್ತು.
ಈ ಮಚ್ಚೆಯೇ? ಮಸಿ ತುಂಬುವಾಗ ಸೀನು ಬಂತು.
ಇಲ್ಲಿ ಗೆರೆ ಪಾತಾಳ ಕಂಡಿದೆಯಲ್ಲ, ಕರೆಂಟು ಹೋದ ರಾತ್ರಿ.
ಕಾಗದಕ್ಕೆ ಕೀಲಿ ಕೊಡುವ ಗಡಿಯಾರ, ಅದೊಂದು ನಿಲ್ಲಲಿಲ್ಲ.
ನಾವು ಮೊಬೈಲ್ ಬೆಳಕಿಗೆ ಕೂತು
ಒಂದೇ ಡಬ್ಬಿಯಿಂದ ಉಪ್ಪುಮೀನು ತಿಂದೆವು,
ನಕ್ಕೆವು ಕೂಡ, ಯಾತಕ್ಕೋ.

ರಾಶಿಯ ಅಡಿಯಿಂದ ಹುಡುಗ ಒಂದನ್ನು ಎತ್ತಿ ಹಿಡಿದ.
ಜನವರಿಯದು. ಕೈವಾರದಲ್ಲಿ ಎಳೆದಂಥ ಗೆರೆ,
ನಡುಕವಿಲ್ಲ, ಕೊಂಕಿಲ್ಲ.
"ನೋಡಿ, ದಿನಾ ಹೀಗಿರಬೇಕು! ಪಾಠಕ್ಕೆ ಇಡಬಹುದು ಇದನ್ನ."

ಅವಳು ತುಟಿ ಬಿಚ್ಚಲಿಲ್ಲ.
ಟೀ ಲೋಟದ ಅಡಿಯ ಒದ್ದೆಯನ್ನು ತೋರುಬೆರಳಿಂದ
ಮೇಜಿನ ಮೇಲೆ ಉದ್ದಕ್ಕೆ ಎಳೆಯುತ್ತ ಕೂತಳು.
ಅವನು ನಾಲ್ಕೂಕಾಲಿನ ಮೇಲೆ ಬೆರಳಿಟ್ಟ.
ನುಣ್ಣಗಿತ್ತು.
ಕಾಗದ ಮಗುಚಿದ. ಹಿಂಬದಿಗೆ ಪೆನ್ಸಿಲಿನಲ್ಲಿ ತಾರೀಖು,
ಪಕ್ಕದಲ್ಲಿ: ಬುಧವಾರ.

ಗುರುವಾರದ್ದು ತೆಗೆದ. ಶುಕ್ರವಾರದ್ದು.
ಹಲ್ಲು ಮರಳಿ ಬಂದಿತ್ತು, ಐದಕ್ಕೆ ಹತ್ತು ನಿಮಿಷ ಇರುವಾಗ.
"ಅದು ಎಗೀತಾ," ಎಂದಳು.
"ಹೊಸಬಳು. ಸೇತುವೆಯ ತಿರುವಿನಲ್ಲಿ ಬಹಳ ನಿಧಾನ ಬರುತ್ತಾಳೆ.
ಬರಲಿ."

ವರದಿಯಲ್ಲಿ 'ಕಾರಣ' ಎಂಬ ಖಾನೆ.
ರೈವಿಸ್ ಮೊದಲು 'ಬ್ರೂನೋ' ಎಂದು ಒತ್ತಿದ,
ಅಳಿಸಿದ,
'ತಣ್ಣನೆಯ ಹಾಲಿನ ಆಗಮನ' ಎಂದು ಬರೆದ.
ಸೆನ್ಸರ್ ಸರಿಯಿದೆ, ಎಂದೂ ಬರೆದ.

ಹತ್ತಾಯಿತು. ಅವಳು ಗಡಿಯಾರಕ್ಕೆ ಕೀಲಿ ಕೊಟ್ಟು,
ಹೊಸ ಕಾಗದದ ಬೆನ್ನಿಗೆ ತಾರೀಖು ಹಾಕಿ,
ಕಿಟಕಿಯಾಚೆ ಒಮ್ಮೆ ನೋಡಿ, ಸಣ್ಣಕ್ಷರದಲ್ಲಿ ಸೇರಿಸಿದಳು:
ಹಿಮ. ರಸ್ತೆ ಜಾರುತ್ತಿದೆ.